ಬೆಳೆ ಪರಿಹಾರ, ಪಿಎಂ ಕಿಸಾನ್ ದುಡ್ಡು ಬರಲಿಲ್ವಾ? ಯಾವ ತೂಬು ಮುಚ್ಚಿದೆ ಅಂತ ಹುಡುಕುವ ದಾರಿ

"ಪಕ್ಕದ ಹೊಲದವರಿಗೆ ಬಂತು, ನಮಗೆ ಬರಲಿಲ್ಲ." ಬೆಳೆ ಪರಿಹಾರ ಬಿಡುಗಡೆಯಾದ ವಾರ ಯಾವ ಊರಿನ ಅರಳಿಕಟ್ಟೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ನಡುವೆ ಇರುವುದು ಒಂದೇ ಬದು. ಕೈಕೊಟ್ಟಿದ್ದು ಅದೇ ಮಳೆ, ಒಣಗಿದ್ದು ಅದೇ ರಾಗಿ. ಆದರೂ ಒಬ್ಬರ ಮೊಬೈಲಿಗೆ ಮೆಸೇಜ್ ಬರುತ್ತದೆ, ಇನ್ನೊಬ್ಬರು ಪಾಸ್‌ಬುಕ್ ಹಿಡಿದು ಬ್ಯಾಂಕಿನ ಕ್ಯೂನಲ್ಲಿ ನಿಂತಿರುತ್ತಾರೆ.

ನಮ್ಮ ಮನೆಯ ಕಾಗದಪತ್ರ ನೋಡಿಕೊಳ್ಳುವುದು ನಾನು. ಮೊದಲು ಅಪ್ಪ ಅಮ್ಮನದ್ದು ಮಾತ್ರ ಇತ್ತು. ಆಮೇಲೆ ದೊಡ್ಡಪ್ಪನದ್ದು ಸೇರಿತು, ಆಮೇಲೆ ಬೀದಿಯ ನಾಲ್ಕೈದು ಮನೆಯವರದ್ದು. ಹೀಗೆ ಓಡಾಡಿ ನಾನು ಕಲಿತಿದ್ದು ಇಷ್ಟು: ಕೆರೆಯಲ್ಲಿ ನೀರಿದ್ದೂ ಗದ್ದೆಗೆ ಬರದಿದ್ದರೆ ನಾವು ದಂಡೆಯ ಮೇಲೆ ನಿಂತು ಕೂಗಾಡುವುದಿಲ್ಲ. ಕಾಲುವೆ ಹಿಡಿದು ನಡೆಯುತ್ತೇವೆ, ಯಾವ ತೂಬು ಮುಚ್ಚಿದೆ ನೋಡುತ್ತೇವೆ. ಈ ದುಡ್ಡಿಗೂ ಒಂದು ಕಾಲುವೆ ಇದೆ. ಪಹಣಿಯಿಂದ ಎಫ್‌ಐಡಿಗೆ, ಅಂದರೆ ರೈತರ ನೋಂದಣಿ ನಂಬರಿಗೆ, ಅಲ್ಲಿಂದ ಬೆಳೆ ಸಮೀಕ್ಷೆಗೆ, ಕೊನೆಗೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ನಾಲ್ಕು ಕಡೆಯೂ ಒಂದೇ ಹೆಸರು, ಒಂದೇ ಜಮೀನು ಇದ್ದರೆ ದುಡ್ಡು ಹರಿಯುತ್ತದೆ. ಒಂದು ಕಡೆ ತಪ್ಪಿದರೂ ಅಲ್ಲೇ ನಿಲ್ಲುತ್ತದೆ.

ಮೊದಲು: ನೀವು ಹುಡುಕುತ್ತಿರುವುದು ಯಾವ ದುಡ್ಡು?

ಇದು ಗೊತ್ತಿಲ್ಲದೆ ಹೋದರೆ ಒಂದು ಆಫೀಸಿನವರು ಇನ್ನೊಂದಕ್ಕೆ ಕಳಿಸುತ್ತಾರೆ, ಒಂದು ದಿನದ ಕೂಲಿ ಹೋಗುತ್ತದೆ. ನಮ್ಮ ಕಡೆ ಎಲ್ಲದಕ್ಕೂ 'ಸಬ್ಸಿಡಿ ದುಡ್ಡು' ಅಂತಲೇ ಹೇಳುತ್ತಾರೆ. ಆದರೆ ಬಾಗಿಲು ಬೇರೆ ಬೇರೆ.

ಬರ ಅಥವಾ ನೆರೆಯಿಂದ ಬೆಳೆ ಹೋದಾಗ ಸರ್ಕಾರ ಕೊಡುವ ಪರಿಹಾರ ಕಂದಾಯ ಇಲಾಖೆಯದ್ದು. ಅದಕ್ಕೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲು ಗ್ರಾಮ ಲೆಕ್ಕಿಗರು ಅಂತಿದ್ದವರು, ಮತ್ತು ತಹಶೀಲ್ದಾರ್ ಕಚೇರಿ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಕೇಂದ್ರದ್ದು, ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಕೃಷಿ ಇಲಾಖೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ನೀವು ಪ್ರೀಮಿಯಂ ಕಟ್ಟಿ ಮಾಡಿಸಿದ ಫಸಲ್ ಬಿಮಾ ವಿಮೆ ಮೂರನೆಯದು, ಅದನ್ನು ಕೊಡುವುದು ವಿಮಾ ಕಂಪನಿ. ಪರಿಹಾರ ಬಂದರೆ ವಿಮೆ ಬರಲ್ಲ ಅಂತ ಕೆಲವರು ಸುಮ್ನೆ ಕೂರುತ್ತಾರೆ. ಅದು ತಪ್ಪು. ಎರಡೂ ಬೇರೆ ಲೆಕ್ಕ.

ಪಹಣಿ ಕೈಗೆ ತೆಗೆದುಕೊಳ್ಳಿ

ಹಳೇ ಜೆರಾಕ್ಸ್ ಸಾಲದು. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಈ ವರ್ಷದ ಪಹಣಿ ತೆಗೆಸಿ. ಕೂತು ಮೂರು ಕಾಲಂ ಓದಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. 11ರಲ್ಲಿ ಸಾಲ, ಋಣ. 12ರಲ್ಲಿ ಬೆಳೆ.

9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಮೊದಲ ತೂಬು ಸಿಕ್ಕಿತು ಅಂತಲೇ ಲೆಕ್ಕ. ಸತ್ತವರ ಹೆಸರಿಗೆ ದುಡ್ಡು ಹೋಗುವುದಿಲ್ಲ, ಉಳುತ್ತಿರುವ ನಿಮ್ಮ ಹೆಸರು ಅಲ್ಲಿಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು. ಮರಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಅಮ್ಮ, ಅಕ್ಕ, ತಂಗಿ ಎಲ್ಲರ ಹೆಸರೂ ಇರಬೇಕು. ಬಿಟ್ಟರೆ ನಾಳೆ ತಕರಾರು ಬಂದು ಕೆಲಸ ಮತ್ತೆ ಮೊದಲಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಅವರ ಹಕ್ಕು. ಅಣ್ಣತಮ್ಮಂದಿರು ಭಾಗವಾಗಿ ಬೇರೆ ಬೇರೆ ಉಳುತ್ತಿದ್ದು ಪಹಣಿ ಮಾತ್ರ ಜಂಟಿಯಾಗಿಯೇ ಉಳಿದಿದ್ದರೆ, ಯಾರದ್ದು ಎಷ್ಟು ಗುಂಟೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಭಾಗ ಅಳೆದು ಗುರುತಿಸುವ 11ಇ ಸರ್ವೆ ನಕ್ಷೆ ಮಾಡಿಸಿ, ವಿಭಾಗ ನೋಂದಣಿ ಮಾಡಿಸಿ ಪಹಣಿ ಬೇರೆ ಮಾಡಿಕೊಳ್ಳುವುದೇ ದಾರಿ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು. ಬೇಸಿಗೆಯಲ್ಲೇ ಶುರು ಮಾಡಿ.

ಹೆಸರಿನ ಅಕ್ಷರವನ್ನೂ ನೋಡಿ. ಪಹಣಿಯಲ್ಲಿ 'ಈರಣ್ಣ', ಆಧಾರಿನಲ್ಲಿ 'ವೀರಣ್ಣ', ಪಾಸ್‌ಬುಕ್ಕಿನಲ್ಲಿ ಇನ್‌ಶಿಯಲ್ ಜೊತೆ ಇನ್ನೊಂದು ಥರ. ಊರಿನಲ್ಲಿ ಎಲ್ಲರಿಗೂ ಅದು ಒಬ್ಬರೇ ಅಂತ ಗೊತ್ತು. ಕಂಪ್ಯೂಟರಿಗೆ ಮಾತ್ರ ಮೂರು ಜನ.

ಎಫ್‌ಐಡಿ: ಜಾಸ್ತಿ ಜನ ಎಡವುವುದು ಇಲ್ಲೇ

ಫ್ರೂಟ್ಸ್ ಅನ್ನುವುದು ಕರ್ನಾಟಕದ ರೈತರ ನೋಂದಣಿ ವ್ಯವಸ್ಥೆ. ಅದರಲ್ಲಿ ಸಿಗುವ ನಂಬರೇ ಎಫ್‌ಐಡಿ. ಬೆಳೆ ಪರಿಹಾರಕ್ಕೂ ಅದೇ ಬೇಕು. ಬೆಂಬಲ ಬೆಲೆಗೆ ರಾಗಿ, ತೊಗರಿ ಮಾರುವುದಕ್ಕೂ ಅದೇ. ಯಂತ್ರ, ಹನಿ ನೀರಾವರಿಯ ಸಹಾಯಧನಕ್ಕೂ ಅದೇ.

"ನಂದು ಎಫ್‌ಐಡಿ ಆಗಿದೆ" ಅಂತ ಎಲ್ಲರೂ ಹೇಳುತ್ತಾರೆ. ನಾನು ಮರುಪ್ರಶ್ನೆ ಕೇಳುತ್ತೇನೆ: ಎಷ್ಟು ಸರ್ವೆ ನಂಬರ್ ಸೇರಿದೆ? ಅಲ್ಲಿಗೆ ಮಾತು ನಿಲ್ಲುತ್ತದೆ. ಯಾವಾಗಲೋ ಬೀಜಕ್ಕೋ ಗೊಬ್ಬರಕ್ಕೋ ಅಂತ ಒಂದು ಪಹಣಿ ಕೊಟ್ಟು ನಂಬರ್ ಮಾಡಿಸಿಕೊಂಡಿರುತ್ತಾರೆ. ಉಳಿದ ಎರಡು ತುಂಡು ಜಮೀನು ಅದರೊಳಗೆ ಬಂದೇ ಇರುವುದಿಲ್ಲ. ಎಫ್‌ಐಡಿಯಲ್ಲಿ ಇಲ್ಲದ ಜಮೀನಿನ ಪರಿಹಾರ ಲೆಕ್ಕಕ್ಕೇ ಬರುವುದಿಲ್ಲ.

ಎಷ್ಟು ನಷ್ಟ ಆಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕೋಣ. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಹೆಕ್ಟೇರಿಗೆ ಖುಷ್ಕಿ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ತೆಂಗು ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಬೆಳೆ ನಷ್ಟ ಶೇಕಡಾ 33 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಒಬ್ಬರಿಗೆ 2 ಹೆಕ್ಟೇರ್‌ವರೆಗೆ ಮಾತ್ರ. ಹೆಕ್ಟೇರ್ ಅಂದರೆ ನಮಗೆ ತಲೆಗೆ ಹೋಗುವುದಿಲ್ಲ, ಅಲ್ವಾ? ಹೆಕ್ಟೇರಿಗೆ ಹೆಚ್ಚು ಕಡಿಮೆ 99 ಗುಂಟೆ ಅಂತ ಇಟ್ಟುಕೊಳ್ಳಿ. ಆಗ ಖುಷ್ಕಿಗೆ ಗುಂಟೆಗೆ ಸುಮಾರು 86 ರೂಪಾಯಿ, ನೀರಾವರಿಗೆ 172, ತೋಟಕ್ಕೆ 227. ದರ ಬದಲಾದರೂ ಹೊಸ ದರವನ್ನು 99ರಿಂದ ಭಾಗಿಸಿದರೆ ಗುಂಟೆಯ ಲೆಕ್ಕ ಸಿಗುತ್ತದೆ. ಕೆಲವು ವರ್ಷ ರಾಜ್ಯ ಸರ್ಕಾರ ಇದರ ಮೇಲೆ ತಾನೂ ಸೇರಿಸಿ ಕೊಡುತ್ತದೆ. 2025ರ ಅತಿವೃಷ್ಟಿಗೆ ಹೆಕ್ಟೇರಿಗೆ ಇನ್ನೂ 8,500 ಸೇರಿಸುವುದಾಗಿ ಹೇಳಿತು. ಹಾಗಾಗಿ ಆ ವರ್ಷದ ದರ ಎಷ್ಟು ಅಂತ ಮೊದಲು ಕೇಳಿಕೊಳ್ಳಿ.

ಈಗ ಒಬ್ಬ ರೈತನಿಗೆ ಮೂರೂವರೆ ಎಕರೆ ಖುಷ್ಕಿ ಇದೆ ಅಂತ ಇಟ್ಟುಕೊಳ್ಳಿ. 140 ಗುಂಟೆ, ಸುಮಾರು 12,040 ರೂಪಾಯಿ ಬರಬೇಕು. ಎಫ್‌ಐಡಿಯಲ್ಲಿ ಸೇರಿರುವುದು ಒಂದು ಎಕರೆ ಹತ್ತು ಗುಂಟೆಯ ಒಂದೇ ತುಂಡು. ಬರುವುದು 4,300. ಉಳಿದ 7,740 ರೂಪಾಯಿಯನ್ನು ಯಾರೂ ತಿಂದಿಲ್ಲ. ಅದು ಹೊರಟೇ ಇಲ್ಲ.

ಸರಿ ಮಾಡುವುದು ಕಷ್ಟವಲ್ಲ. ಎಲ್ಲ ಸರ್ವೆ ನಂಬರಿನ ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್, ಒಂದು ಫೋಟೋ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಒಯ್ಯಿರಿ. ಮುಂದೆ ಸಹಾಯಧನದ ಪ್ರಮಾಣ ಅದರ ಮೇಲೆ ನಿಲ್ಲುತ್ತದೆ. "ನನ್ನ ಎಫ್‌ಐಡಿಯಲ್ಲಿ ಯಾವ ಯಾವ ಸರ್ವೆ ನಂಬರ್ ಇದೆ, ಓದಿ ಹೇಳಿ ಸಾರ್" ಅಂತ ಕೇಳಿ. ಬಿಟ್ಟುಹೋಗಿದ್ದನ್ನು ಸೇರಿಸಿಸಿ. ಇನ್ನೊಂದು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ ಜಮೀನಿದ್ದರೆ ಅದೂ ಇದೇ ನಂಬರಿಗೆ ಸೇರಬೇಕು. ಅಮ್ಮನ ತವರಿನಿಂದ ಬಂದ ಜಮೀನು ಹೀಗೆ ಬಿಟ್ಟುಹೋಗಿರುವುದನ್ನು ನಾನು ತುಂಬಾ ಸಲ ನೋಡಿದ್ದೇನೆ.

ಬೆಳೆ ಸಮೀಕ್ಷೆ: ನಿಮ್ಮ ಹೊಲದಲ್ಲಿ ಏನಿದೆ ಅಂತ ಸರ್ಕಾರ ಬರೆದುಕೊಂಡಿದೆ?

ಹಂಗಾಮಿಗೊಮ್ಮೆ ನಿಮ್ಮೂರಿನ ಒಬ್ಬ ಹುಡುಗನೋ ಹುಡುಗಿಯೋ ಮೊಬೈಲ್ ಹಿಡಿದು ಹೊಲ ಹೊಲ ತಿರುಗಿ ಬೆಳೆಯ ಫೋಟೋ ತೆಗೆಯುತ್ತಾರೆ. ಇವರನ್ನು ಪಿಆರ್ ಅಂತಾರೆ. ಆ ಫೋಟೋ, ಆ ಬೆಳೆಯ ಹೆಸರು, ಅಲ್ಲಿ ಬರೆದ ವಿಸ್ತೀರ್ಣವೇ ಮುಂದೆ ಪರಿಹಾರಕ್ಕೆ, ವಿಮೆಗೆ, ಬೆಂಬಲ ಬೆಲೆಗೆ ಆಧಾರ. 2023ರ ಬರದಲ್ಲಿ ಪರಿಹಾರದ ಪಟ್ಟಿ ತಯಾರಾಗಿದ್ದೂ ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ ಎರಡರ ಮಾಹಿತಿ ಸೇರಿಸಿ.

ಪಿಆರ್ ಬಂದಾಗ ನೀವು ಹೊಲದಲ್ಲಿರುವುದು ಒಳ್ಳೆಯದು. ಅವರು ಓಡಾಡಬೇಕಾದ ಪ್ಲಾಟುಗಳು ನೂರಾರು. ರಾಗಿಯ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇದ್ದರೆ ಹೇಳಿ ಬರೆಸಬೇಕು. ತೆಂಗಿನ ತೋಟದಲ್ಲಿ ಕೆಳಗೆ ಹಾಕಿದ ಬೆಳೆ ಹಲವು ಸಲ ದಾಖಲಾಗುವುದೇ ಇಲ್ಲ. ಬೋರ್‌ವೆಲ್ ನೀರಿನ ಬೆಳೆಯನ್ನು ಖುಷ್ಕಿ ಅಂತ ಬರೆದರೆ ಪರಿಹಾರ ಅರ್ಧಕ್ಕೆ ಇಳಿಯುತ್ತದೆ. 'ಪಾಳು' ಅಂತ ಬರೆದರೆ ಏನೂ ಇಲ್ಲ. ರೈತರೇ ಫೋಟೋ ತೆಗೆದು ದಾಖಲಿಸುವ ಆ್ಯಪ್ ಕೂಡ 2020ರಿಂದ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಲೇ ಮಾಡಿಸಿ.

ಆಮೇಲೆ 'ಬೆಳೆ ದರ್ಶಕ' ಅನ್ನುವ ಆ್ಯಪ್ ಹಾಕಿಕೊಳ್ಳಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಅಂತ ಫೋಟೋ ಸಮೇತ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಕೊನೆಯ ದಿನಾಂಕ ಇರುತ್ತದೆ. ಪರಿಹಾರ ಬರಲಿಲ್ಲ ಅಂತ ಆರು ತಿಂಗಳ ಮೇಲೆ ನೋಡಿದರೆ ಆ ಹೊತ್ತಿಗೆ ಬೆಳೆಯೂ ಇರುವುದಿಲ್ಲ, ಸಾಕ್ಷಿಯೂ ಇರುವುದಿಲ್ಲ. ಬೆಳೆ ನಿಂತಿರುವಾಗಲೇ ನೋಡಿ. ನನ್ನ ಕೇಳಿದರೆ ಇಡೀ ಲೇಖನದಲ್ಲಿ ಇದೊಂದು ಕೆಲಸ ಮಾಡಿದರೂ ಸಾಕು.

ಬ್ಯಾಂಕ್: 'ಆಧಾರ್ ಲಿಂಕ್ ಆಗಿದೆ' ಅನ್ನುವುದು ಸಾಲದು

ನಮ್ಮ ಅಮ್ಮನ ಹೆಸರಿನಲ್ಲಿ ಒಂದೂವರೆ ಎಕರೆ ಇದೆ. ಒಂದು ವರ್ಷ ಪರಿಹಾರ ಬರಲೇ ಇಲ್ಲ. ಪಹಣಿ ಸರಿ, ಎಫ್‌ಐಡಿ ಸರಿ, ಸಮೀಕ್ಷೆಯೂ ಸರಿ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆಯಮ್ಮ" ಅಂತಲೇ ಹೇಳಿದರು. ಮೂರು ಸಲ ಹೋಗಿ ಬಂದೆವು. ಕೊನೆಗೆ ಗೊತ್ತಾಯಿತು, ದುಡ್ಡು ಬಂದಿತ್ತು! ಯಾವಾಗಲೋ ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಇನ್ನೊಂದು ಖಾತೆಗೆ ಹೋಗಿ ಕೂತಿತ್ತು. ಅಂಥದ್ದೊಂದು ಖಾತೆ ಇದೆ ಅಂತಲೇ ಅಮ್ಮನಿಗೆ ಗೊತ್ತಿರಲಿಲ್ಲ.

ಕಾರಣ ಇದು. ಸರ್ಕಾರ ಈ ಹಣವನ್ನು ಖಾತೆ ನಂಬರಿಗೆ ಕಳಿಸುವುದಿಲ್ಲ, ಆಧಾರ್ ನಂಬರಿಗೆ ಕಳಿಸುತ್ತದೆ. ಆ ಆಧಾರಿಗೆ ಯಾವ ಬ್ಯಾಂಕ್ ಅಂತ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆಯ ಬಳಿ ಒಂದು ಪಟ್ಟಿ ಇರುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕ್, ಅದೂ ಕೊನೆಗೆ ಜೋಡಿಸಿದ್ದು. ನಿಮ್ಮ ಆಧಾರ್ ನಾಲ್ಕು ಬ್ಯಾಂಕಿಗೆ ಕೊಟ್ಟಿರಬಹುದು, ದುಡ್ಡು ಹೋಗುವುದು ಆ ಒಂದಕ್ಕೆ.

ಹಾಗಾಗಿ ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಆಗಿದೆಯಾ?" ಅದಕ್ಕೂ ಮೊದಲು ಮನೆಯಲ್ಲೇ ನೋಡಬಹುದು. ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಜೋಡಣೆ ಸ್ಥಿತಿ ಅನ್ನುವ ಕಡೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಬೇರೆ ಬ್ಯಾಂಕ್ ಇದ್ದರೆ ನಿಮಗೆ ಬೇಕಾದ ಶಾಖೆಯಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಫಾರಂ ಕೊಟ್ಟು ಬದಲಾಯಿಸಿಕೊಳ್ಳಿ. ಬ್ಯಾಂಕ್ ದೂರ ಇರುವ ಊರುಗಳಲ್ಲಿ ಅಂಚೆಯಣ್ಣನ ಹತ್ತಿರವೇ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಬಹುದು.

ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳೇ ಒಂದಾದ ಮೇಲೊಂದು ವಿಲೀನವಾದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್. 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಎರಡೂ ಒಂದಾದವು. ಪೆಟ್ಟಿಗೆಯಲ್ಲಿರುವ ಪಾಸ್‌ಬುಕ್ ಹಳೇ ಹೆಸರಿನದ್ದೇ ಆಗಿದ್ದರೆ ಹೊಸದು ಬರೆಸಿ, ಕೆವೈಸಿ ಮಾಡಿಸಿ, ಐಎಫ್‌ಎಸ್‌ಸಿ ಕೋಡ್ ನೋಡಿಕೊಳ್ಳಿ. ವಿಮೆಯ ಅರ್ಜಿಯಲ್ಲೂ ಅದೇ ಹೊಸ ಕೋಡ್ ಇರಬೇಕು.

ರಾಜ್ಯ ಸರ್ಕಾರ ಕಳಿಸಿದ ಹಣ ನೋಡಲು 'ಡಿಬಿಟಿ ಕರ್ನಾಟಕ' ಆ್ಯಪ್ ಇದೆ. ಯಾವ ದಿನ, ಎಷ್ಟು, ಯಾವ ಬ್ಯಾಂಕಿಗೆ ಅಂತ ಬರುತ್ತದೆ, ಆ ಪಾವತಿಯ ಗುರುತಾದ ಯುಟಿಆರ್ ನಂಬರ್ ಕೂಡ ಇರುತ್ತದೆ. ಆ ನಂಬರ್ ಬರೆದುಕೊಂಡು ಬ್ಯಾಂಕಿಗೆ ಹೋದರೆ ಮಾತು ಬೇಗ ಮುಗಿಯುತ್ತದೆ.

ದುಡ್ಡು ಬಂದ ಮೇಲೂ ಒಂದು ಅಪಾಯ ಇದೆ. ಬೆಳೆ ಸಾಲ ಬಾಕಿ ಇದ್ದರೆ ಕೆಲವು ಶಾಖೆಗಳು ಪರಿಹಾರವನ್ನು ಸಾಲಕ್ಕೆ ಮುರಿದುಕೊಳ್ಳುತ್ತವೆ. 2024ರಲ್ಲಿ ಇದು ಜಾಸ್ತಿಯಾದಾಗ ಹಾಗೆ ಮಾಡಬಾರದು ಅಂತ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಹೇಳಿತು. ನಿಮಗೆ ಹಾಗಾದರೆ ಮ್ಯಾನೇಜರಿಗೆ ಬರೆದು ಕೊಡಿ, ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ.

ಪಿಎಂ ಕಿಸಾನ್ ನಿಂತಿದ್ದರೆ

ಇದು ನಾಲ್ಕು ತಿಂಗಳಿಗೆ 2,000ದಂತೆ ಮೂರು ಕಂತು. ವೆಬ್‌ಸೈಟಿನಲ್ಲಿ ನಿಮ್ಮ ಸ್ಥಿತಿ ನೋಡುವ ಕಡೆ ನೋಂದಣಿ ನಂಬರ್ ಹಾಕಿದರೆ ಮೂರು ಸಾಲು ಕಾಣುತ್ತವೆ: ಜಮೀನು ಜೋಡಣೆ, ಇ-ಕೆವೈಸಿ, ಬ್ಯಾಂಕಿಗೆ ಆಧಾರ್ ಜೋಡಣೆ. ಮೂರೂ 'ಯೆಸ್' ಇರಬೇಕು. ನೋಂದಣಿ ನಂಬರ್ ಮರೆತಿದ್ದರೆ ಮೊಬೈಲ್ ಅಥವಾ ಆಧಾರ್ ಹಾಕಿ ಅಲ್ಲೇ ಪಡೆಯಬಹುದು. ಜಮೀನು ಜೋಡಣೆಗೆ 'ನೋ' ಅಂತಿದ್ದರೆ ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ. ಬ್ಯಾಂಕಿಗೆ 'ನೋ' ಅಂತಿದ್ದರೆ ಮೇಲೆ ಹೇಳಿದ ಎನ್‌ಪಿಸಿಐ ಕೆಲಸ.

ಇ-ಕೆವೈಸಿಯಲ್ಲಿ ವಯಸ್ಸಾದವರು ಪಡುವ ಪಾಡು ನೋಡಿದರೆ ಸಂಕಟವಾಗುತ್ತದೆ. ಜೀವನವಿಡೀ ಕಳೆ ಕಿತ್ತು, ಗುದ್ದಲಿ ಹಿಡಿದು ಬೆರಳಿನ ಗೆರೆಯೇ ಸವೆದುಹೋಗಿರುತ್ತದೆ. ಯಂತ್ರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಅವರನ್ನು ಮತ್ತೆ ಮತ್ತೆ ಬಸ್ಸು ಹತ್ತಿಸಬೇಡಿ. ಆಧಾರಿಗೆ ಮೊಬೈಲ್ ಸೇರಿದ್ದರೆ ಒಟಿಪಿಯಿಂದ ಆಗುತ್ತದೆ. ಇಲ್ಲದಿದ್ದರೆ 2023ರಿಂದ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ಮಾಡುವ ದಾರಿ ಇದೆ. ಮನೆಯ ಜಗಲಿಯ ಮೇಲೆ, ಬೆಳಕಿನಲ್ಲಿ ಕೂರಿಸಿ ಮಾಡಿಬಿಡಬಹುದು.

ಎಲ್ಲ ಸರಿಯಿದ್ದೂ ಬರದಿದ್ದರೆ ಅರ್ಹತೆಯನ್ನೇ ನೋಡಬೇಕಾಗುತ್ತದೆ. 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ ಮಾತ್ರ ಈ ಯೋಜನೆ. ಆಮೇಲೆ ಕೊಂಡವರಿಗೆ, ದಾನಪತ್ರದಿಂದ ಪಡೆದವರಿಗೆ ಇಲ್ಲ. ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದಿದ್ದರೆ ಇದೆ. ಗಂಡ, ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ, ಒಂದೇ ಸೌಲಭ್ಯ. ಗಂಡ ಹೆಂಡತಿ ಇಬ್ಬರೂ ಪಡೆಯುತ್ತಿದ್ದ ಖಾತೆಗಳನ್ನು 2025ರಲ್ಲಿ ಪರಿಶೀಲನೆಗೆ ತಡೆಹಿಡಿದರು. ಆದಾಯ ತೆರಿಗೆ ಕಟ್ಟುವವರಿಗೆ, ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ, ತಿಂಗಳಿಗೆ 10,000 ಅಥವಾ ಜಾಸ್ತಿ ಪಿಂಚಣಿ ಬರುವವರಿಗೂ ಇಲ್ಲ. ಸಂಶಯವಿದ್ದರೆ 155261ಕ್ಕೆ ಕರೆ ಮಾಡಿ ಕೇಳಿ.

ಗುತ್ತಿಗೆಗೆ, ಪಾಲಿಗೆ ಉಳುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಬೆವರು ಒಬ್ಬರದ್ದು, ಪಹಣಿ ಇನ್ನೊಬ್ಬರದ್ದು. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಸದ್ಯಕ್ಕೆ ಅವರಿಗಿರುವ ದಾರಿ ಫಸಲ್ ಬಿಮಾ, ಅಲ್ಲಿ ಗೇಣಿದಾರರಿಗೂ ಅವಕಾಶವಿದೆ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5 ಕಟ್ಟಬೇಕು. ಆಲಿಕಲ್ಲು ಮಳೆ, ಜಮೀನಿನಲ್ಲಿ ನೀರು ನಿಲ್ಲುವಂಥ ನಷ್ಟವಾದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು. ಹಬ್ಬವಿರಲಿ, ಭಾನುವಾರವಿರಲಿ, ಗಡಿಯಾರ ನಿಲ್ಲುವುದಿಲ್ಲ.

ಎಲ್ಲ ಸರಿಯಿದ್ದೂ ಬಾರದಿದ್ದರೆ

ಮೊದಲು ಊರಿನಲ್ಲಿ ಯಾರಿಗಾದರೂ ಬಂದಿದೆಯಾ ಅಂತ ವಿಚಾರಿಸಿ. ಯಾರಿಗೂ ಬಂದಿಲ್ಲದಿದ್ದರೆ ತೂಬು ಇರುವುದು ಬಹಳ ಮೇಲೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ರಾಜ್ಯ 18,171 ಕೋಟಿ ಕೇಳಿತು, ಹಣ ಬರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಅಷ್ಟು ದಿನ ತಾಲ್ಲೂಕು ಕಚೇರಿಯ ಮುಂದೆ ನಿಂತವರು ಸುಮ್ನೆ ಬಿಸಿಲು ತಿಂದರು, ಅಷ್ಟೇ.

ಉಳಿದವರಿಗೆಲ್ಲ ಬಂದು ನಿಮಗೆ ಮಾತ್ರ ಇಲ್ಲ ಅಂದರೆ ಬಾಯಿಮಾತಿನಲ್ಲಿ ಕೇಳುವುದು ನಿಲ್ಲಿಸಿ. ಒಂದು ಹಾಳೆಯಲ್ಲಿ ಹೆಸರು, ಗ್ರಾಮ, ಸರ್ವೆ ನಂಬರ್, ಎಫ್‌ಐಡಿ, ಬೆಳೆ, ಯಾವ ವರ್ಷದ ಪರಿಹಾರ ಅಂತ ಬರೆದು ತಹಶೀಲ್ದಾರ್ ಕಚೇರಿಯ ಟಪಾಲು ವಿಭಾಗದಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. "ಸರ್ವೆ ನಂಬರ್ ಇಂಥದ್ದಕ್ಕೆ ಪರಿಹಾರ ಮಂಜೂರಾಗಿದೆಯೇ, ಇಲ್ಲದಿದ್ದರೆ ಕಾರಣದ ದಾಖಲೆಯ ಪ್ರತಿ ಕೊಡಿ" ಅಂತ ಕೇಳಿದರೆ ಸಾಕು. 30 ದಿನದಲ್ಲಿ ಉತ್ತರ ಕೊಡಬೇಕು.

ಈ ನಡುವೆ ವಾಟ್ಸಾಪಿನಲ್ಲಿ 'ಪಿಎಂ ಕಿಸಾನ್' ಅನ್ನುವ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಒತ್ತಿದರೆ ಮೊಬೈಲೇ ಕಳ್ಳರ ಕೈಗೆ ಹೋಗುತ್ತದೆ, ಖಾತೆ ಖಾಲಿಯಾಗುತ್ತದೆ. ಫೋನ್ ಮಾಡಿ ಒಟಿಪಿ ಕೇಳುವವರು ಯಾರೇ ಆಗಲಿ ಇಲಾಖೆಯವರಲ್ಲ. ಮೋಸ ಹೋದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ದುಡ್ಡು ಹಿಡಿಯುವುದು ಕಷ್ಟ.

ಬೆಳೆ ದರ್ಶಕದಲ್ಲಿ ನೋಡುವುದಕ್ಕೆ ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ನಿಮ್ಮ ಹೊಲದ್ದು ನೋಡಿ ಮುಗಿದ ಮೇಲೆ, ಮೊಬೈಲ್ ಬಳಸಲು ಬಾರದ ಪಕ್ಕದ ಮನೆಯ ಅಜ್ಜಿಯ ಪಹಣಿಯನ್ನೂ ಕೇಳಿ ಈಸಿಕೊಳ್ಳಿ. ಐದು ನಿಮಿಷ ಸಾಕು.